ಕೌನ್ಸಿಲ್ ಮನೆ ಕಟ್ಟೋಕೆ ದುಡ್ಡು ಎಲ್ಲಿಂದ ಬರುತ್ತೆ? ನಮ್ ಕೌನ್ಸಿಲ್ ಟ್ಯಾಕ್ಸಾ, ಸೆಂಟ್ರಲ್ ಗೌರ್ಮೆಂಟಾ?

ಮೈಸೂರ್_ಮಂಜ:
ಯುಕೆಯಲ್ಲಿರೋ ಕನ್ನಡದೋರಿಗೆ ಒಂದ್ ಪ್ರಶ್ನೆ. ಮಾರ್ಚ್ ಬಂತು ಅಂದ್ರೆ ಕೌನ್ಸಿಲ್ (ನಮ್ಮೂರ ನಗರಸಭೆ ತರ) ಟ್ಯಾಕ್ಸ್ ಬಿಲ್ ಬಂದು ಬೀಳುತ್ತೆ, ಪ್ರತಿ ವರ್ಷ ಏರ್ಸೋದೇ ಆಯ್ತು, ಇಳ್ಸಿದ್ದು ನಾನಂತೂ ನೋಡಿಲ್ಲ. ನಮ್ ರಸ್ತೆ ಕೊನೇಲಿ ಹಳೇ ಗ್ಯಾರೇಜುಗಳಿದ್ವು, ಅದನ್ನೆಲ್ಲ ಕೆಡವಿ ಈಗ ನಾಲ್ಕು ಫ್ಲೋರಿನ ಫ್ಲ್ಯಾಟ್ ಎದ್ದು ನಿಂತಿದೆ, ಹೊಸ ಕೌನ್ಸಿಲ್ ಮನೆಗಳು ಅಂತ ದೊಡ್ಡ ಬೋರ್ಡು. ಆಫೀಸಲ್ಲಿ ಒಬ್ಬ ಹೇಳ್ತಾನೆ ಇದೆಲ್ಲ ನಿಮ್ ಟ್ಯಾಕ್ಸ್ ದುಡ್ಡೇ ಅಂತ. ಇನ್ನೊಬ್ಬ ಹೇಳ್ತಾನೆ ಇಲ್ಲಪ್ಪ, ಲಂಡನ್‌ನಿಂದ, ಅಂದ್ರೆ ಸೆಂಟ್ರಲ್‌ನಿಂದ ಬರುತ್ತೆ ಅಂತ. ವೀಸಾದಲ್ಲಿರೋ ನಮಗೆ ಕೌನ್ಸಿಲ್ ಮನೆ ಸಿಗಲ್ಲ, ಅದು ಬಿಡಿ, ಅದಕ್ಕೇನು ಬೇಜಾರಿಲ್ಲ. ಲೆಕ್ಕ ಏನು ಅಂತ ತಿಳ್ಕೊಳೋಣ ಅಂತ ಅಷ್ಟೇ. ಗೊತ್ತಿದ್ದೋರು ಹೇಳಿ.

ನೇರನುಡಿ:
ಇನ್ನೇನ್ ಗುರು, ನಾವು ಕಟ್ಟೋದು ಅವ್ರು ಇರೋದು. ಎಲ್ಲಾ ಕಡೆ ಅದೇ ಕಥೆ.

ಲೆಕ್ಕದ_ರಂಗಣ್ಣ:
ಮಂಜ ಅವ್ರೆ, ನಾನು ಇಂಗ್ಲೆಂಡಿನ ಒಂದು ಕೌನ್ಸಿಲ್‌ನ ಹೌಸಿಂಗ್ ಫೈನಾನ್ಸಲ್ಲೇ ಕೆಲ್ಸ ಮಾಡೋದು, ಯಾವ್ದು ಅಂತ ಕೇಳ್ಬೇಡಿ. ನಿಮ್ ಕೌನ್ಸಿಲ್ ಟ್ಯಾಕ್ಸ್ ಆ ಫ್ಲ್ಯಾಟಿಗೆ ಹೋಗಿಲ್ಲ, ಹೋಗೋ ಹಾಗೂ ಇಲ್ಲ.

ಕೌನ್ಸಿಲ್‌ನ ಬಾಡಿಗೆ ಮನೆಗಳಿಗೆ ಬೇರೆನೇ ಒಂದು ಖಾತೆ ಇರುತ್ತೆ, ಹೌಸಿಂಗ್ ರೆವಿನ್ಯೂ ಅಕೌಂಟ್ ಅಂತ, ನಾವು ಎಚ್‌ಆರ್‌ಎ ಅಂತೀವಿ (ಸಂಬಳದ ಸ್ಲಿಪ್ಪಿನ ಎಚ್‌ಆರ್‌ಎ ಅಲ್ಲ). 1989ರ ಲೋಕಲ್ ಗೌರ್ಮೆಂಟ್ ಅಂಡ್ ಹೌಸಿಂಗ್ ಆಕ್ಟ್ ಬಂದ್ಮೇಲೆ ಇದರ ಸುತ್ತ ಬೇಲಿ ಹಾಕಿದಾರೆ. ಕಸ ಎತ್ತೋದು, ರಸ್ತೆ, ಲೈಬ್ರರಿ, ವಯಸ್ಸಾದೋರ ಆರೈಕೆ, ಇದಕ್ಕೆಲ್ಲ ಇರೋ, ನಿಮ್ ಟ್ಯಾಕ್ಸ್ ಸೇರೋ ಜನರಲ್ ಫಂಡಿಂದ ಎಚ್‌ಆರ್‌ಎಗೆ ದುಡ್ಡು ಸುರಿಯೋ ಹಾಗಿಲ್ಲ, ಎಚ್‌ಆರ್‌ಎಯಿಂದ ಆಕಡೆ ಎತ್ತೋ ಹಾಗೂ ಇಲ್ಲ. ಬಾಡಿಗೆ ಒಳಗೆ ಬರುತ್ತೆ, ರಿಪೇರಿ, ಸ್ಟಾಫು, ಸಾಲದ ಬಡ್ಡಿ ಹೊರಗೆ ಹೋಗುತ್ತೆ. ಬಜೆಟ್ ಮಂಡಿಸುವಾಗ ಈ ಖಾತೆ ಮೈನಸ್ಸಲ್ಲಿ ತೋರ್ಸಿದ್ರೆ ಅದು ಕಾನೂನಿಗೇ ವಿರುದ್ಧ.

ಇನ್ನು ಹೊಸ ಮನೆ. ಉದಾಹರಣೆಗೆ ಒಂದು ಫ್ಲ್ಯಾಟ್ ಕಟ್ಟೋಕೆ 3 ಲಕ್ಷ ಪೌಂಡ್ ಅಂತ ಇಟ್ಕೊಳಿ. ಪೂರ್ತಿ ಸಾಲ ತಗೊಂಡ್ರೆ 5% ಬಡ್ಡಿ ಅಂದ್ರೂ ವರ್ಷಕ್ಕೆ 15 ಸಾವಿರ ಬಡ್ಡಿನೇ ಆಯ್ತು. ಸೋಶಿಯಲ್ ರೆಂಟ್ (ಮಾರ್ಕೆಟ್ಟಿಗಿಂತ ಕಮ್ಮಿ ಇರೋ ಬಾಡಿಗೆ) ವಾರಕ್ಕೆ 130 ಪೌಂಡ್ ಅಂದ್ರೆ ವರ್ಷಕ್ಕೆ 6,760. ಬಾಯ್ಲರ್ ಸರ್ವಿಸು, ಲಿಫ್ಟು, ಅದು ಇದು ಎಲ್ಲ ಇದೇ ದುಡ್ಡಲ್ಲಿ ಆಗ್ಬೇಕು. ಎಲ್ಲಿಂದ ಹೊಂದಿಸ್ತೀರಾ? ಹೊರಗಿಂದ ಯಾರಾದ್ರೂ ಒಂದು ಗಂಟು ಕೊಡ್ದೆ ಈ ಲೆಕ್ಕ ಕೂಡ್ಕೊಳ್ಳಲ್ಲ. ಸೆಂಟ್ರಲ್ ಬರೋದು ಅಲ್ಲಿ.

ಮೈಸೂರ್_ಮಂಜ:
ಓಹ್ ಇದು ಗೊತ್ತೇ ಇರ್ಲಿಲ್ಲ ಸಾರ್. ಹಂಗಾದ್ರೆ ಸೆಂಟ್ರಲ್‌ನವ್ರು ಒಂದು ಮನೆಗೆ ಇಷ್ಟು ಅಂತ ಚೆಕ್ ಬರ್ದು ಕೊಟ್ಬಿಡ್ತಾರಾ?

ಲೆಕ್ಕದ_ರಂಗಣ್ಣ:
ಕೊಡ್ತಾರೆ, ಆದ್ರೆ ಚೆಕ್ ಅನ್ನೋದು ಇದರಲ್ಲಿ ಸಣ್ಣ ಪಾಲು. ಗ್ರಾಂಟು ಇದೆ, ಲಂಡನ್ ಬಿಟ್ಟು ಉಳಿದ ಕಡೆ ಹೋಮ್ಸ್ ಇಂಗ್ಲೆಂಡ್ ಅನ್ನೋ ಸರ್ಕಾರಿ ವಸತಿ ಸಂಸ್ಥೆ ಹಂಚುತ್ತೆ, ಲಂಡನ್ನಲ್ಲಿ ಮೇಯರ್ ಆಫೀಸು, ಅಂದ್ರೆ ಜಿಎಲ್‌ಎ. 2025ರ ಜೂನ್ ಸ್ಪೆಂಡಿಂಗ್ ರಿವ್ಯೂನಲ್ಲಿ 2026ರಿಂದ ಹತ್ತು ವರ್ಷಕ್ಕೆ 39 ಬಿಲಿಯನ್ ಪೌಂಡ್ ಅಂತ ಘೋಷಿಸಿದ್ರಲ್ಲ, ಅದು ಇದೇ ಲೈನು. ಅದ್ರಲ್ಲಿ 60% ಮನೆ ಸೋಶಿಯಲ್ ರೆಂಟಿಗೆ ಅನ್ನೋದು ಗುರಿ. ಆದ್ರೆ ಅದು ಬರೀ ಕೌನ್ಸಿಲ್‌ಗಳಿಗಲ್ಲ, ಹೌಸಿಂಗ್ ಅಸೋಸಿಯೇಷನ್‌ಗಳೂ (ಲಾಭಕ್ಕಲ್ಲದೆ ಬಾಡಿಗೆ ಮನೆ ನಡೆಸೋ ಸಂಸ್ಥೆಗಳು) ಅದೇ ತಟ್ಟೆಗೆ ಕೈ ಹಾಕ್ತಾರೆ.

ಆಮೇಲೆ ಸಾಲ. ಪಿಡಬ್ಲ್ಯುಎಲ್‌ಬಿ ಅಂತ ಇದೆ, ಪಬ್ಲಿಕ್ ವರ್ಕ್ಸ್ ಲೋನ್ ಬೋರ್ಡ್. ಬೋರ್ಡು ಅನ್ನೋದು ಈಗ ಹೆಸರಿಗಷ್ಟೇ, 2020ರಿಂದ ಟ್ರೆಜರಿನೇ (ಸೆಂಟ್ರಲ್ ಹಣಕಾಸು ಇಲಾಖೆ), ಡೆಟ್ ಮ್ಯಾನೇಜ್‌ಮೆಂಟ್ ಆಫೀಸಿನ ಮೂಲಕ. ಸರ್ಕಾರ ತಾನು ಮಾರ್ಕೆಟ್ಟಲ್ಲಿ ಯಾವ ಬಡ್ಡಿಗೆ ಸಾಲ ಎತ್ತುತ್ತೋ ಅದರ ಮೇಲೆ ಸ್ವಲ್ಪ ಸೇರಿಸಿ ನಮಗೆ ಕೊಡುತ್ತೆ. ಆ 'ಸ್ವಲ್ಪ' ಎಷ್ಟು ಅನ್ನೋದು ಅವರಿಷ್ಟ. 2019ರ ಅಕ್ಟೋಬರಲ್ಲಿ ಒಂದ್ ಬೆಳಗ್ಗೆ ಮುನ್ಸೂಚನೆನೇ ಇಲ್ದೆ ಪೂರ್ತಿ 1% ಏರಿಸಿದ್ರು, ಕೆಲವು ಕೌನ್ಸಿಲ್‌ಗಳು ಸಾಲ ತಗೊಂಡು ಶಾಪಿಂಗ್ ಸೆಂಟರ್ ಕೊಳ್ತಿದ್ವು ಅಂತ. ಮನೆ ಕಟ್ಟೋರಿಗೂ ಅದೇ ಏಟು ಬಿತ್ತು. ಮುಂದಿನ ವರ್ಷ ನವೆಂಬರಲ್ಲಿ ವಾಪಸ್ ಇಳಿಸಿದ್ರು. 2023ರ ಜೂನಿಂದ ಎಚ್‌ಆರ್‌ಎಗೆ ಅಂತಾನೇ ಇನ್ನೊಂದು 0.4% ಕಮ್ಮಿ ದರ ಮಾಡಿದಾರೆ, ಪರವಾಗಿಲ್ಲ.

ಇನ್ನೊಂದು, ಯಾರೂ ಲೆಕ್ಕಕ್ಕೆ ಹಿಡಿಯದೇ ಇರೋದು, ಬಾಡಿಗೆ. ಕೌನ್ಸಿಲ್ ಬಾಡಿಗೆದಾರರಲ್ಲಿ ಬಹಳ ಜನಕ್ಕೆ ಬಾಡಿಗೆಯ ಒಂದು ಪಾಲೋ ಪೂರ್ತಿನೋ ಕಮ್ಮಿ ಆದಾಯದೋರಿಗೆ ಸರ್ಕಾರ ಕೊಡೋ ಹೌಸಿಂಗ್ ಬೆನಿಫಿಟ್ ಅಥವಾ ಯೂನಿವರ್ಸಲ್ ಕ್ರೆಡಿಟ್‌ನಿಂದ ಬರುತ್ತೆ. ಅದು ಸೆಂಟ್ರಲ್ ದುಡ್ಡು. ಹಾಗಾಗಿ ಬಾಡಿಗೆ ಎಷ್ಟು ಏರಿಸ್ಬೇಕು ಅನ್ನೋದನ್ನೂ ಸೆಂಟ್ರಲ್ಲೇ ಹೇಳುತ್ತೆ, ಕೌನ್ಸಿಲರ್ ಅಲ್ಲ.

ನನ್ನ ಕೇಳಿದ್ರೆ ಸೆಂಟ್ರಲ್‌ನವ್ರು ಏನು ಕೊಡ್ತಾರೆ ಅನ್ನೋದಕ್ಕಿಂತ ಏನು ಮಾಡೋಕೆ ಬಿಡ್ತಾರೆ ಅನ್ನೋದೇ ನಿಜವಾದ ಫಂಡಿಂಗು. ನಮ್ ಬಾಡಿಗೆ, ನಮ್ ಸಾಲ, ನಾವು ಮಾರಿದ ಮನೆ ದುಡ್ಡು, ಮೂರಕ್ಕೂ ಕೀಲಿ ಕೈ ಸೆಂಟ್ರಲ್ ಕಚೇರಿಗಳಿರೋ ವೈಟ್‌ಹಾಲ್‌ನಲ್ಲಿ.

ನೇರನುಡಿ:
ರಂಗಣ್ಣ ಸಾರ್, ಕೌನ್ಸಿಲ್‌ನೋರು ಹೇಳೋದು ಯಾವಾಗ್ಲೂ ಇದೇ, ಮೇಲಿನೋರು ಕೊಡ್ಲಿಲ್ಲ ಮೇಲಿನೋರು ಬಿಡ್ಲಿಲ್ಲ. ಕೈಗೆ ದುಡ್ಡು ಕೊಟ್ಟಾಗ ಏನ್ ಮಾಡಿದ್ರಿ? ಕ್ರಾಯ್ಡನ್ 2020ರಲ್ಲಿ ದಿವಾಳಿ, ಬರ್ಮಿಂಗ್‌ಹ್ಯಾಮ್ 2023ರಲ್ಲಿ ದಿವಾಳಿ. ಟ್ರೆಜರಿ ಕಡಿವಾಣ ಹಾಕೋದ್ರಲ್ಲಿ ತಪ್ಪೇನಿದೆ?

ಲೆಕ್ಕದ_ರಂಗಣ್ಣ:
ಸೆಕ್ಷನ್ 114 ನೋಟಿಸ್ ಕೊಟ್ರು, ಹೌದು. ಕಾನೂನಿನ ಪ್ರಕಾರ ಕೌನ್ಸಿಲ್ ಕಂಪ್ನಿ ತರ ದಿವಾಳಿ ಆಗಲ್ಲ, ಹೊಸ ಖರ್ಚು ನಿಲ್ಸುತ್ತೆ ಅಷ್ಟೇ. ಕ್ರಾಯ್ಡನ್‌ನೋರು ಸ್ವಂತ ಹೌಸಿಂಗ್ ಕಂಪ್ನಿ ಮಾಡ್ಕೊಂಡು ಎಡವಿದ್ದೂ ನಿಜ, ಅದನ್ನ ನಾನು ಸಮರ್ಥಿಸ್ಕೊಳ್ಳಲ್ಲ. ಕಡಿವಾಣ ಇರ್ಲಿ ಸಾರ್. ನನ್ನ ತಕರಾರು ಕುದುರೆ ಓಡ್ತಾ ಇರುವಾಗ ದಾರಿ ಬದಲಾಯಿಸ್ತಾರಲ್ಲ, ಅದು.

2012 ತಗೊಳಿ. ಅದಕ್ಕಿಂತ ಮುಂಚೆ ಸಬ್ಸಿಡಿ ಸಿಸ್ಟಮ್ ಅಂತ ಇತ್ತು, ಎಲ್ಲಾ ಕೌನ್ಸಿಲ್‌ಗಳ ಬಾಡಿಗೆನೂ ಕಾಗದದ ಮೇಲೆ ಒಂದೇ ಹುಂಡಿಗೆ. ವೈಟ್‌ಹಾಲ್ ಲೆಕ್ಕದಲ್ಲಿ ನಿಮ್ಮ ಬಾಡಿಗೆ ನಿಮ್ಮ ಖರ್ಚಿಗಿಂತ ಜಾಸ್ತಿ ಅಂತ ಬಂದ್ರೆ ಮಿಕ್ಕಿದ್ದನ್ನ ಅವರಿಗೇ ಕಟ್ಬೇಕಿತ್ತು. ಮನೆ ಛಾವಣಿ ಸೋರ್ತಾ ಇರುತ್ತೆ, ಆ ಬಾಡಿಗೆದಾರರ ಬಾಡಿಗೆಲೇ ಒಂದು ಭಾಗ ಲಂಡನ್‌ಗೆ ಹೋಗ್ತಿರುತ್ತೆ. ಲೋಕಲಿಸಂ ಆಕ್ಟ್ ತಂದು 2012ರ ಏಪ್ರಿಲ್ 1ರಿಂದ ಇದನ್ನ ತೆಗೆದ್ರು. ಆದ್ರೆ ಪುಕ್ಕಟೆ ಅಲ್ಲ. ಮುಂದಿನ 30 ವರ್ಷ ನಿಮಗೆ ಎಷ್ಟು ಬಾಡಿಗೆ ಬರುತ್ತೆ, ಎಷ್ಟು ಖರ್ಚು ಅಂತ ಅವರೇ ಲೆಕ್ಕ ಹಾಕಿ, ಉಳಿಯೋದಕ್ಕೆ ಇವತ್ತಿನ ಬೆಲೆ ಕಟ್ಟಿ, ಅಷ್ಟನ್ನ ಈಗ್ಲೇ ಕೊಟ್ಟು ನಿಮ್ಮ ಸ್ವಾತಂತ್ರ್ಯ ತಗೊಳಿ ಅಂದ್ರು. 136 ಕೌನ್ಸಿಲ್‌ಗಳು ಸೇರಿ ಸುಮಾರು 13 ಬಿಲಿಯನ್ ಪೌಂಡ್ ಕಟ್ಟಿದ್ವು, ಬಹುಪಾಲು ಪಿಡಬ್ಲ್ಯುಎಲ್‌ಬಿ ಸಾಲನೇ, ಅಂದ್ರೆ ಟ್ರೆಜರಿಯಿಂದ ಸಾಲ ಎತ್ತಿ ಟ್ರೆಜರಿಗೇ ಕಟ್ಟಿದ್ದು 😀 ಕೆಲವು ಕೌನ್ಸಿಲ್‌ಗಳ ಹಳೇ ಸಾಲವನ್ನ ಅವರೇ ತೀರಿಸಿದ್ದೂ ಉಂಟು, ಅದನ್ನೂ ಹೇಳ್ಬೇಕು.

ಆ ಲೆಕ್ಕ ಎಲ್ಲ ನಿಂತಿದ್ದು ಬಾಡಿಗೆ ಪ್ರತಿ ವರ್ಷ ಹಣದುಬ್ಬರಕ್ಕಿಂತ ಸ್ವಲ್ಪ ಜಾಸ್ತಿ ಏರುತ್ತೆ ಅನ್ನೋ ನಂಬಿಕೆ ಮೇಲೆ. 2013ರಲ್ಲಿ ಇನ್ನು ಹತ್ತು ವರ್ಷ ಸಿಪಿಐ (ಹಣದುಬ್ಬರದ ಸೂಚ್ಯಂಕ) ಮೇಲೆ 1% ಅಂತ ಮಾತು ಕೊಟ್ರು. 2015ರ ಜುಲೈ ಬಜೆಟ್ಟಲ್ಲಿ ಆಗಿನ ಹಣಕಾಸು ಮಂತ್ರಿ ಆಸ್ಬಾರ್ನ್ ಎದ್ದು ನಿಂತು, 2016ರಿಂದ ನಾಲ್ಕು ವರ್ಷ ಪ್ರತಿ ವರ್ಷ ಬಾಡಿಗೆ 1% ಇಳಿಸಿ ಅಂದ್ರು. ಬಾಡಿಗೆದಾರರ ಮೇಲಿನ ಪ್ರೀತಿಗಲ್ಲ, ಹೌಸಿಂಗ್ ಬೆನಿಫಿಟ್ ಖರ್ಚು ಇಳಿಸೋಕೆ.

ಲೆಕ್ಕ ನೋಡಿ. ವಾರಕ್ಕೆ 120 ಪೌಂಡ್ ಬಾಡಿಗೆ. ನಾಲ್ಕು ಸಲ 1% ಇಳಿಸಿದ್ರೆ 115.27. ಮಾತು ಕೊಟ್ಟ ಹಾಗೆ ಸಿಪಿಐ ಪ್ಲಸ್ 1 ಬಿಟ್ಟಿದ್ರೆ, ಸೆಪ್ಟೆಂಬರ್ ಸಿಪಿಐಗಳು -0.1, 1.0, 3.0, 2.4, ಅದರ ಪ್ರಕಾರ 2019-20ಕ್ಕೆ 132.80ರ ಹತ್ರ ಬರ್ತಿತ್ತು. ವಾರಕ್ಕೆ ಹದಿನೇಳೂವರೆ ಪೌಂಡ್ ಖೋತಾ, ವರ್ಷಕ್ಕೆ 900 ಪೌಂಡ್ ಮೇಲೆ, ಒಂದು ಮನೆಗೆ. 10 ಸಾವಿರ ಮನೆ ಇರೋ ಕೌನ್ಸಿಲ್‌ಗೆ ವರ್ಷಕ್ಕೆ 90 ಲಕ್ಷ ಪೌಂಡ್. ಮುಂದಿನ ಏರಿಕೆ ಎಲ್ಲ ಆ ಇಳಿದ ಬುಡದಿಂದಲೇ ಶುರು, ಹೋದದ್ದು ವಾಪಸ್ ಬರಲ್ಲ. 2012ರಲ್ಲಿ ತಗೊಂಡ ಸಾಲ ಮಾತ್ರ ಹಾಗೇ ಇದೆ. 2023ರಲ್ಲಿ ಇನ್ನೊಂದ್ ಸಲ: ನಿಯಮದ ಪ್ರಕಾರ 11.1% ಏರಿಸ್ಬಹುದಿತ್ತು, 7ಕ್ಕೆ ಮಿತಿ ಹಾಕಿದ್ರು. ಅವತ್ತಿನ ಪರಿಸ್ಥಿತಿಗೆ ಬಾಡಿಗೆದಾರರ ದೃಷ್ಟಿಯಿಂದ ಅದು ಸರಿನೇ ಇರ್ಬಹುದು, ಆದ್ರೆ ಕಂಟ್ರಾಕ್ಟರ್ ಬಿಲ್ಲಿಗೆ ಯಾರೂ 7% ಮಿತಿ ಹಾಕ್ಲಿಲ್ಲ ನೋಡಿ.

ಮೈಸೂರ್_ಮಂಜ:
ಅಯ್ಯೋ ಇದು ನಮ್ ಕ್ಲೈಂಟ್ ಪ್ರಾಜೆಕ್ಟ್ ತರ ಇದೆ, ಅರ್ಧದಲ್ಲಿ ರಿಕ್ವೈರ್‌ಮೆಂಟ್ ಚೇಂಜು, ಬಜೆಟ್ ಹಳೇದೇ.

ಹಳೇಕಟ್ಟಡ_ಹುಚ್ಚ:
ಈ ಕಥೆ 2012ಕ್ಕೆ ಶುರುವಾಗಿದ್ದಲ್ಲ. 1919ರ ಅಡಿಸನ್ ಆಕ್ಟಿಗೆ ಹೋಗ್ಬೇಕು, ಮೊದಲ ಮಹಾಯುದ್ಧ ಮುಗಿದ ತಕ್ಷಣ. ಕೌನ್ಸಿಲ್‌ಗಳು ಮನೆ ಕಟ್ಟಿ, ನಿಮಗೆ ಆಗೋ ನಷ್ಟದಲ್ಲಿ ಒಂದು ಪೆನ್ನಿ ರೇಟಿನಷ್ಟು (ರೇಟ್ ಅಂದ್ರೆ ಆಗಿನ ಸ್ಥಳೀಯ ಆಸ್ತಿ ತೆರಿಗೆ) ನೀವು ಹೊತ್ಕೊಳಿ, ಅದರ ಮೇಲಿನದೆಲ್ಲ ಟ್ರೆಜರಿ ಹೊರುತ್ತೆ ಅಂದ್ರು. ಯೋಚನೆ ಮಾಡಿ, ನಷ್ಟಕ್ಕೆ ಮಿತಿನೇ ಇಲ್ಲ. ಎಲ್ಲರೂ ಒಟ್ಟಿಗೆ ಇಟ್ಟಿಗೆ ಮೇಸ್ತ್ರಿ ಅಂತ ಹುಡುಕೋಕೆ ಹೊರಟ್ರು, ರೇಟು ಆಕಾಶಕ್ಕೆ ಹೋಯ್ತು, 1921ರಲ್ಲಿ ಸ್ಕೀಮು ಕಟ್. ಮೂರು ವರ್ಷದಲ್ಲಿ 5 ಲಕ್ಷ ಮನೆ ಅಂತ ಹೊರಟಿದ್ದು ಅರ್ಧಕ್ಕೂ ಮುಟ್ಲಿಲ್ಲ. ಆದ್ರೂ ಆ ಮನೆಗಳನ್ನ ಹೋಗಿ ನೋಡಿ, ಎರಡು ಫ್ಲೋರು, ಹಿಂದೆ ಮುಂದೆ ತೋಟ, ಇವತ್ತಿಗೂ ಗಟ್ಟಿ.

ನನಗೆ ಇದಕ್ಕಿಂತ ಆಶ್ಚರ್ಯ ಅನ್ಸೋದು 1956ರ ಸಬ್ಸಿಡಿ ಕಾಯ್ದೆ. ಬಿಲ್ಡಿಂಗ್ ಎತ್ತರ ಆದಷ್ಟೂ ಒಂದೊಂದು ಫ್ಲ್ಯಾಟಿಗೆ ಸಬ್ಸಿಡಿ ಜಾಸ್ತಿ! ನಾಲ್ಕು ಫ್ಲೋರಿಗೆ ಇಷ್ಟು, ಐದಕ್ಕೆ ಇಷ್ಟು, ಆರಕ್ಕೆ ಇಷ್ಟು, ಆಮೇಲೆ ಪ್ರತಿ ಫ್ಲೋರಿಗೂ ಎಕ್ಸ್‌ಟ್ರಾ. ಇಂಗ್ಲೆಂಡ್ ತುಂಬಾ ಆ ಗೋಪುರಗಳು ಯಾಕಿವೆ ಅಂತ ಕೇಳಿದ್ರೆ ಆರ್ಕಿಟೆಕ್ಟು, ಕಾರ್ಬೂಸಿಯೆ ಅಂತೆಲ್ಲ ಮಾತಾಡ್ತಾರೆ, ಗ್ರಾಂಟ್ ಟೇಬಲ್ ಯಾರೂ ತೋರ್ಸಲ್ಲ. 1968ರ ಮೇ 16, ಲಂಡನ್ ನ್ಯೂಹ್ಯಾಮ್‌ನ ರೊನಾನ್ ಪಾಯಿಂಟ್, 22 ಮಹಡಿ, ಜನ ಒಳಗೆ ಬಂದು ಎರಡು ತಿಂಗಳು ಅಷ್ಟೇ ಆಗಿತ್ತು. 18ನೇ ಮಹಡಿಲಿ ಒಬ್ಬರು ಬೆಳಗ್ಗೆ ಟೀ ಮಾಡೋಕೆ ಗ್ಯಾಸ್ ಹಚ್ಚಿದ್ರು, ಸ್ಫೋಟ, ಒಂದು ಮೂಲೆ ಮೇಲಿಂದ ಕೆಳಗಿನ ತನಕ ಕುಸಿದು ಬಿತ್ತು. ನಾಲ್ಕು ಜನ ಸತ್ರು. ಫ್ಯಾಕ್ಟರಿಲಿ ಎರಕ ಹೊಯ್ದು ತಂದ ಕಾಂಕ್ರೀಟ್ ಗೋಡೆಗಳನ್ನ ಒಂದರ ಮೇಲೊಂದು ನಿಲ್ಸಿದ್ದು ಅಷ್ಟೇ. ಎತ್ತರದ ಸಬ್ಸಿಡಿ ಹಿಂದಿನ ವರ್ಷ ತಾನೇ ನಿಲ್ಸಿದ್ರು.

ಹುಬ್ಬಳ್ಳಿ_ಗಿರಿಜಾ:
ಭಾಳ ಚಲೋ ಚರ್ಚಾ ನಡದದ. ನಮ್ದೂ ಒಂದು ಗೋಳು ಕೇಳ್ರಿ. ನಾವು ಲಂಡನ್ನಾಗ ಒಂದು ಹಳೇ ಕೌನ್ಸಿಲ್ ಫ್ಲ್ಯಾಟ್ ತೊಗೊಂಡೀವಿ. ಮೊದಲು ಇದ್ದ ಬಾಡಿಗಿಯವರು ರೈಟ್ ಟು ಬೈನಾಗ (ಇರೋ ಕೌನ್ಸಿಲ್ ಮನಿ ಬಾಡಿಗಿದಾರರ ಕೊಳ್ಳೋ ಹಕ್ಕು) ಕಡಿಮಿಗೆ ತೊಗೊಂಡು ಮಾರ್‍ಯಾರ, ಅವರ ಕಡಿಂದ ಇನ್ನೊಬ್ಬರು, ಅವರ ಕಡಿಂದ ನಾವು. ನಮ್ಮ ಬಜೆಟ್ಟಿಗೆ ಅಷ್ಟ ಸಿಗ್ತಿತ್ತು ಬಿಡ್ರಿ. ಬಿಲ್ಡಿಂಗ್ ಇನ್ನೂ ಕೌನ್ಸಿಲ್‌ದ. ಈಗ ಸೆಕ್ಷನ್ 20 ನೋಟಿಸ್ ಅಂತ ಬಂದದ, ಛಾವಣಿ, ಕಿಡಕಿ, ಲಿಫ್ಟು, ಬೆಂಕಿ ಬಾಗಲಾ ಎಲ್ಲಾ ಹೊಸಾವು ಹಾಕ್ತೀವಿ, ನಿಮ್ಮ ಪಾಲು 23 ಸಾವಿರ ಪೌಂಡ್ ಅಂದಾಜು ಅಂತ. ಆಜೂಬಾಜೂ ಬಾಡಿಗಿದಾರರಿಗೆ ಏನೂ ಇಲ್ಲ, ನಮಗಷ್ಟ. ನನ್ನ ಪ್ರಶ್ನೆ ಏನಂದ್ರ, ಸೆಂಟ್ರಲ್ ಸರ್ಕಾರ ಕೌನ್ಸಿಲ್‌ಗೆ ರೊಕ್ಕ ಕೊಡ್ತದ ಅಂತೀರಿ, ಹಂಗಾದ್ರ ನಮ್ಮ ಕಡಿಂದ ಯಾಕ ವಸೂಲಿ?

ನೇರನುಡಿ:
ಅಕ್ಕ, ಹಳೇ ಕೌನ್ಸಿಲ್ ಫ್ಲ್ಯಾಟ್ ತಗೊಂಡ್ರೆ ಇದು ಇದ್ದಿದ್ದೇ, ಸಾಲಿಸಿಟರ್ ಹೇಳಿರ್ತಾರಲ್ಲ.

ಹುಬ್ಬಳ್ಳಿ_ಗಿರಿಜಾ:
ಹೇಳಿದ್ರಪ್ಪಾ, "ಮುಂದ ಬರಬಹುದು" ಅಂತ ಒಂದು ಸಾಲು ಇತ್ತು. 23 ಸಾವಿರ ಅಂತ ಬರದಿರಲಿಲ್ಲ.

ಲೆಕ್ಕದ_ರಂಗಣ್ಣ:
ಗಿರಿಜಾ ಅವ್ರೆ, ಬಾಡಿಗೆದಾರರ ಪಾಲು ಎಚ್‌ಆರ್‌ಎಯಿಂದ, ಅಂದ್ರೆ ಅವರದೇ ಬಾಡಿಗೆಯಿಂದ ಹೋಗುತ್ತೆ. ನಿಮ್ಮ ಪಾಲನ್ನೂ ಅದರಿಂದಲೇ ಕೊಟ್ರೆ ಪಕ್ಕದ ಮನೆ ಬಾಡಿಗೆದಾರ ನಿಮ್ಮ ಆಸ್ತಿ ರಿಪೇರಿ ಮಾಡಿಸಿ ಕೊಟ್ಟ ಹಾಗಾಗುತ್ತೆ, ಅದಕ್ಕೇ ಲೀಸ್‌ನಲ್ಲಿ, ಅಂದ್ರೆ ನೀವು ಫ್ಲ್ಯಾಟ್ ಕೊಂಡಾಗಿನ ಕರಾರಲ್ಲಿ, ಆ ಷರತ್ತು. ಆದ್ರೆ ನಿಮ್ಮ ಪ್ರಶ್ನೆಲೇ ಒಂದು ದಾರಿ ಇದೆ. 2014ರ ಆಗಸ್ಟಲ್ಲಿ ಇಂಗ್ಲೆಂಡಿಗೆ ಒಂದು ನಿರ್ದೇಶನ ಬಂತು, ಎಲ್ಲರೂ ಫ್ಲಾರೀಸ್ ಲಾ ಅಂತಾರೆ. ರಿಪೇರಿ ಕೆಲಸಕ್ಕೆ ಅಂತಾನೇ ಸೆಂಟ್ರಲ್ ನೆರವು, ಪೂರ್ತಿ ಆಗ್ಲಿ ಸ್ವಲ್ಪ ಆಗ್ಲಿ, ಬಂದಿದ್ರೆ ನಿಮ್ ತರ ಫ್ಲ್ಯಾಟ್ ಕೊಂಡ ಲೀಸ್‌ಹೋಲ್ಡರ್ ಹತ್ರ ಐದು ವರ್ಷದ ಅವಧಿಲಿ ಲಂಡನ್ನಲ್ಲಿ 15 ಸಾವಿರ, ಬೇರೆ ಕಡೆ 10 ಸಾವಿರಕ್ಕಿಂತ ಜಾಸ್ತಿ ಕೇಳೋ ಹಾಗಿಲ್ಲ. ಆ ಮನೆ ನೀವೇ ಇರೋ ಮುಖ್ಯ ಮನೆ ಆಗಿರ್ಬೇಕು, ಬಾಡಿಗೆಗೆ ಬಿಟ್ಟಿದ್ರೆ ಅನ್ವಯಿಸಲ್ಲ. ಕೌನ್ಸಿಲ್ ಬರೀ ಎಚ್‌ಆರ್‌ಎ ದುಡ್ಡಲ್ಲಿ ಮಾಡ್ತಿದ್ರೂ ಅನ್ವಯಿಸಲ್ಲ. ಹಾಗಾಗಿ ಮೊದಲು ತಿಳ್ಕೋಬೇಕಾದ್ದು ಈ ಕೆಲ್ಸಕ್ಕೆ ಯಾವ ಗ್ರಾಂಟ್ ಬಂದಿದೆ ಅಂತ.

ಹುಬ್ಬಳ್ಳಿ_ಗಿರಿಜಾ:
ಇದನ್ನ ಯಾರೂ ಹೇಳಿರಲಿಲ್ಲ ರೀ. ನಾವು ಅಲ್ಲೇ ಇರ್ತೀವಿ. ಕೇಳ್ತೀನಿ.

ನೇರನುಡಿ:
ರೈಟ್ ಟು ಬೈ ವಿಷಯ ಬಂತಲ್ಲ, ಒಂದ್ ಮಾತು ಹೇಳ್ತೀನಿ. ಎಲ್ಲರೂ ಅದನ್ನ ತಂದ ಆಗಿನ ಪ್ರಧಾನಿ ಥ್ಯಾಚರ್‌ನ ಬೈತಾರೆ, 1980ರಿಂದ ಈಚೆಗೆ ಇಂಗ್ಲೆಂಡಲ್ಲಿ ಸುಮಾರು 20 ಲಕ್ಷ ಕುಟುಂಬ ಸ್ವಂತ ಮನೆಯವರಾದ್ರು ಅದು ಸಣ್ಣ ವಿಷ್ಯಾನಾ? ನಮ್ಮೂರಲ್ಲಿ ಬಡವನಿಗೆ ಹಕ್ಕುಪತ್ರ ಕೊಟ್ರೆ ಚಪ್ಪಾಳೆ, ಇಲ್ಲಿ ಕೊಟ್ರೆ ತಪ್ಪಾ?

ಲೆಕ್ಕದ_ರಂಗಣ್ಣ:
ಕೊಂಡವರದ್ದು ತಪ್ಪಿಲ್ಲ ಸಾರ್, ನಾನಾಗಿದ್ರೂ ಕೊಳ್ತಿದ್ದೆ. ಪ್ರಶ್ನೆ ಮಾರಿದ ದುಡ್ಡು ಎಲ್ಲಿ ಹೋಯ್ತು ಅನ್ನೋದು. ಎರಡೂವರೆ ಲಕ್ಷದ ಫ್ಲ್ಯಾಟು, ಒಂದು ಲಕ್ಷ ಡಿಸ್ಕೌಂಟು, ಕೌನ್ಸಿಲ್ ಕೈಗೆ ಒಂದೂವರೆ ಲಕ್ಷ. ಅದರಲ್ಲೂ ಒಂದು ಕಾಲದಲ್ಲಿ ಮುಕ್ಕಾಲು ಭಾಗ ಹಳೇ ಸಾಲ ತೀರಿಸೋಕೆ ಎತ್ತಿಡಬೇಕಿತ್ತು, 2004ರಿಂದ ಮುಕ್ಕಾಲು ಭಾಗ ಟ್ರೆಜರಿಗೇ ಕಟ್ಬೇಕಿತ್ತು. 2012ರಲ್ಲಿ ಇಟ್ಕೊಳಿ, ಒಂದು ಮಾರಿದ್ರೆ ಒಂದು ಕಟ್ಟಿ ಅಂದ್ರು, ಸರಿ. ಜೊತೆಗೆ ಷರತ್ತು: ಹೊಸ ಮನೆ ಖರ್ಚಲ್ಲಿ 30% ಮಾತ್ರ ಈ ದುಡ್ಡು ಬಳಸ್ಬೇಕು, ಬಾಕಿ 70% ನೀವೇ ಹೊಂದಿಸಿ, ಅದಕ್ಕೆ ಗ್ರಾಂಟ್ ಬೆರೆಸೋ ಹಾಗಿಲ್ಲ, ಮೂರು ವರ್ಷದಲ್ಲಿ ಖರ್ಚು ಮಾಡ್ದಿದ್ರೆ ಬೇಸ್ ರೇಟ್ ಮೇಲೆ 4% ಬಡ್ಡಿ ಸಮೇತ ವಾಪಸ್ ಕಟ್ಟಿ. ಅದೇ ಸಮಯದಲ್ಲಿ 2018ರ ಅಕ್ಟೋಬರ್ ತನಕ ಎಚ್‌ಆರ್‌ಎ ಸಾಲಕ್ಕೂ ಮಿತಿ ಇತ್ತು. ಹಾಗಾಗಿ ದುಡ್ಡು ಬ್ಯಾಂಕಲ್ಲಿ ಇದ್ರೂ ಬಡ್ಡಿ ಹಾಕಿ ವಾಪಸ್ ಕಳಿಸಿದ ಕೌನ್ಸಿಲ್‌ಗಳಿವೆ. ಕೈಗೆ ದುಡ್ಡು ಕೊಟ್ಟಾಗ ಏನ್ ಮಾಡಿದ್ರಿ ಅಂತ ಕೇಳಿದ್ರಲ್ಲ, ಇದೇ ಮಾಡಿದ್ದು.

ಈಗ ಸಡಿಲ ಆಗಿದೆ. 2021ರಲ್ಲಿ 40% ಮತ್ತು ಐದು ವರ್ಷ ಆಯ್ತು. 2024ರ ನವೆಂಬರ್ 21ರಿಂದ ಗರಿಷ್ಠ ಡಿಸ್ಕೌಂಟನ್ನ ಇಳಿಸಿದ್ರು, ಪ್ರದೇಶ ನೋಡ್ಕೊಂಡು 16 ಸಾವಿರಕ್ಕೂ 38 ಸಾವಿರಕ್ಕೂ ನಡುವೆ, ಮಾರಿದ ದುಡ್ಡು ಪೂರ್ತಿ ಕೌನ್ಸಿಲ್‌ಗೇ. ಆ ತಾರೀಖಿನ ಹಿಂದಿನ ವಾರಗಳಲ್ಲಿ ನಮ್ ಆಫೀಸಲ್ಲಿ ಅರ್ಜಿ ಬಂಡಲ್‌ಗಟ್ಟಲೆ ಬಂತು, ಸ್ಕ್ಯಾನ್ ಮಾಡೋ ಹುಡುಗ ಊಟಕ್ಕೂ ಎದ್ದಿಲ್ಲ.

ಗ್ಲಾಸ್ಗೋ_ಕಾರ್ಕಳ:
ಇಲ್ಲಿ ಸ್ಕಾಟ್ಲೆಂಡಲ್ಲಿ ರೈಟ್ ಟು ಬೈ ಇಲ್ಲವೇ ಇಲ್ಲ ಮಾರಾಯ್ರೆ, 2016 ಜುಲೈಗೇ ಬಂದ್. ವೇಲ್ಸಲ್ಲಿ 2019ರ ಜನವರಿ. ಇಂಗ್ಲೆಂಡಿನದ್ದೇ ಇನ್ನೂ ಎಳ್ಕೊಂಡು ಹೋಗ್ತಾ ಉಂಟು.

ಗ್ಲಾಸ್ಗೋದ ಕತೆ ಕೇಳಿದ್ರೆ ನಿಮ್ಮ ರಂಗಣ್ಣ ಹೇಳುವ "ಬಿಡ್ತಾರೆ" ಅನ್ನುವುದು ಇನ್ನೂ ಚಂದ ಅರ್ಥ ಆಗ್ತದೆ. ಇಲ್ಲಿ ಕೌನ್ಸಿಲಿಗೆ 80 ಸಾವಿರದ ಹತ್ತಿರ ಮನೆ ಇತ್ತು, ತಲೆ ಮೇಲೆ 900 ಮಿಲಿಯನ್ ಪೌಂಡಿನಷ್ಟು ಸಾಲ. ಬಾಡಿಗೆ ಬಂದದ್ದೆಲ್ಲ ಬಡ್ಡಿಗೇ ಹೋಗುವುದು, ಗೋಡೆಗೆ ಬೂಸ್ಟು ಹಿಡಿದ್ರೂ ಕೇಳುವವರಿಲ್ಲ. ಟ್ರೆಜರಿಯವರು ಎಂತ ಹೇಳಿದ್ದು ಗೊತ್ತುಂಟಾ? ಸಾಲ ನಾವು ತೀರಿಸ್ತೇವೆ, ಆದ್ರೆ ಮನೆಗಳನ್ನು ಕೌನ್ಸಿಲ್ ಇಟ್ಕೊಳ್ಬಾರ್ದು, ಬೇರೆ ಸಂಸ್ಥೆಗೆ ಕೊಡ್ಬೇಕು, ಬಾಡಿಗೆದಾರರು ಓಟು ಹಾಕಿ ಒಪ್ಬೇಕು. ಇಲ್ಲಿಯವರು ಒಪ್ಪಿದ್ರು, 2003ರಲ್ಲಿ ಎಲ್ಲ ಗ್ಲಾಸ್ಗೋ ಹೌಸಿಂಗ್ ಅಸೋಸಿಯೇಷನ್ನಿಗೆ ಹೋಯ್ತು. ಬರ್ಮಿಂಗ್‌ಹ್ಯಾಮಿನವರಿಗೆ 2002ರಲ್ಲಿ ಹೀಗೇ ಕೇಳಿದ್ದಕ್ಕೆ ಅವರು ಬೇಡ ಅಂದ್ರು, ಅವರ ಮನೆ ಇವತ್ತೂ ಕೌನ್ಸಿಲಿನದ್ದೇ. ಅಲ್ಲ, ಸಾಲ ಮನ್ನಾ ಮಾಡುವ ದುಡ್ಡು ಇತ್ತಲ್ಲ ಟ್ರೆಜರಿ ಹತ್ರ? ಕೌನ್ಸಿಲ್ ಇಟ್ಕೊಂಡಾಗ ಯಾಕೆ ಆಗುವುದಿಲ್ಲ? ಕೌನ್ಸಿಲ್ ಸಾಲ ಸರ್ಕಾರದ ಸಾಲದ ಲೆಕ್ಕದಲ್ಲಿ ಬರ್ತದೆ, ಅಸೋಸಿಯೇಷನ್ ಸಾಲ ಬರುವುದಿಲ್ಲ ಅಂತ, ಅಷ್ಟೇ ಇದರ ಗುಟ್ಟು.

ನನ್ನ ಮಾವನವರ ಹಳೇ ಪಕ್ಕದ ಮನೆಯವರು ಅಲ್ಲಿ ಬಾಡಿಗೆಗಿದ್ದಾರೆ. ಹೊಸ ಕಿಚನ್, ಹೊಸ ಕಿಟಕಿ ಬಂದದ್ದು ಮಾತ್ರ ಸತ್ಯ, ಅವರು ದೂರುವುದಿಲ್ಲ.

ಪಂಚಾಯ್ತಿ_ಪರಮೇಶ:
ನಮಸ್ಕಾರ ಎಲ್ರಿಗೂ, ನಾನು ಊರಲ್ಲೇ ಇರೋದು, ಗ್ರಾಮ ಪಂಚಾಯ್ತಿ ಕೆಲ್ಸ. ಓದ್ತಾ ಓದ್ತಾ ಒಂದು ಅನುಮಾನ. ಆ ಮನೆ ಕೊನೆಗೆ ಯಾರ ಹೆಸರಲ್ಲಿರುತ್ತೆ ಸಾರ್? ನಮ್ಮಲ್ಲಿ ಪಿಎಂ ಆವಾಸ್ ಗ್ರಾಮೀಣ ತಗೊಂಡ್ರೆ ಮನೆಗೆ 1.20 ಲಕ್ಷ, ಕೇಂದ್ರ 60 ರಾಜ್ಯ 40, ಕಂತಿನಲ್ಲಿ ನೇರ ಫಲಾನುಭವಿ ಅಕೌಂಟಿಗೆ. ಜೊತೆಗೆ ಉದ್ಯೋಗ ಖಾತ್ರಿಯಲ್ಲಿ 90 ದಿನದ ಕೂಲಿ, ಶೌಚಾಲಯಕ್ಕೆ 12 ಸಾವಿರ. ಪಂಚಾಯ್ತಿ ಮನೆ ಕಟ್ಟಲ್ಲ, ಪಟ್ಟಿ ಮಾಡುತ್ತೆ, ಫೋಟೋ ತೆಗೆಯುತ್ತೆ. ಪಾಯ ಹಾಕಿದ್ಮೇಲೆ ಒಂದು ಫೋಟೋ, ಲಿಂಟಲ್ ಆದ್ಮೇಲೆ ಒಂದು, ಛಾವಣಿ ಆದ್ಮೇಲೆ ಒಂದು, ಜಿಪಿಎಸ್ ಹಿಡೀಲಿಲ್ಲ ಅಂದ್ರೆ ಕಂತೂ ಇಲ್ಲ. ಮೊನ್ನೆ ಒಂದಜ್ಜಿ ಮನೆ ಮುಂದೆ ನೆಟ್‌ವರ್ಕ್ ಸಿಗ್ಲಿ ಅಂತ ಮೊಬೈಲ್ ಮೇಲೆತ್ಕೊಂಡು ಓಡಾಡ್ತಿದ್ರೆ, ಅಜ್ಜಿ "ಯಾಕಪ್ಪ, ಮನೆ ಕಾಣ್ತಿಲ್ವಾ ಅದಕ್ಕೆ?" ಅಂತ ಕೇಳ್ತು. 1.20ರಲ್ಲಿ ಮನೆ ಆಗಲ್ಲ ಅಂತ ಎಲ್ರಿಗೂ ಗೊತ್ತು, ಸಂಘದಲ್ಲಿ ಸಾಲ ಮಾಡ್ತಾರೆ, ಇಲ್ಲ ಅರ್ಧಕ್ಕೆ ನಿಲ್ಲುತ್ತೆ. ಆದ್ರೆ ಎದ್ದ ಮನೆ ಅವರದ್ದೇ.

ಲೆಕ್ಕದ_ರಂಗಣ್ಣ:
ಪರಮೇಶಣ್ಣ, ಇಲ್ಲಿ ಮನೆ ಕೌನ್ಸಿಲ್‌ದೇ, ಬಾಡಿಗೆದಾರ ಬದಲಾದ್ರೂ ಮನೆ ಇನ್ನೊಬ್ಬರಿಗೆ ಸಿಗುತ್ತೆ. ನಿಮ್ಮಲ್ಲಿ ಕೊಟ್ಟ ಮೇಲೆ ಮುಗೀತು, ನಲವತ್ತು ವರ್ಷ ಆದ್ಮೇಲೆ ಛಾವಣಿ ಯಾರು ಮಾಡಿಸ್ಬೇಕು ಅನ್ನೋ ಪ್ರಶ್ನೆ ಸರ್ಕಾರಕ್ಕೆ ಬರಲ್ಲ. ಇಲ್ಲಿ ಅದೇ ದೊಡ್ಡ ತಲೆನೋವು. ಲಂಡನ್ನಿನ ಗ್ರೆನ್‌ಫೆಲ್ ಟವರ್ ಬೆಂಕಿಲಿ 72 ಜನ ಹೋದ್ಮೇಲೆ ಕ್ಲಾಡಿಂಗು (ಹೊರಗೋಡೆ ಹೊದಿಕೆ), ಬೆಂಕಿ ಬಾಗಿಲು, ಆಮೇಲೆ ಬೂಸ್ಟು ತೇವಕ್ಕೆ 2025ರ ಅಕ್ಟೋಬರಿಂದ ಆವಾಬ್ಸ್ ಲಾ, ಎಲ್ಲಾ ಬೇಕಾದ್ದೇ, ಬೇಡ ಅಂತ ಯಾರೂ ಹೇಳಲ್ಲ. ಆದ್ರೆ ಬಹುಪಾಲು ಖರ್ಚು ಅದೇ ಬಾಡಿಗೆ ಖಾತೆಯಿಂದ. ರಿಪೇರಿಗೆ ದುಡ್ಡು ಹೋದಷ್ಟೂ ಹೊಸ ಮನೆಗೆ ಸಾಲ ತೀರಿಸೋ ಶಕ್ತಿ ಕಮ್ಮಿ.

ಹಳೇಕಟ್ಟಡ_ಹುಚ್ಚ:
ಆದ್ರೂ ಆಗುತ್ತೆ ಅಂತ ತೋರ್ಸಿದೋರಿದಾರೆ. ನಾರ್ವಿಚ್‌ನ ಗೋಲ್ಡ್‌ಸ್ಮಿತ್ ಸ್ಟ್ರೀಟ್ ನೋಡ್ಕೊಂಡ್ ಬನ್ನಿ, ಸಿಟಿ ಕೌನ್ಸಿಲೇ ಕಟ್ಟಿಸಿದ್ದು, ಪ್ಯಾಸಿವ್‌ಹೌಸ್, ಚಳಿಗಾಲದಲ್ಲಿ ಹೀಟಿಂಗ್ ಬಿಲ್ ಬಹಳ ಕಮ್ಮಿ. 2019ರಲ್ಲಿ ಸ್ಟರ್ಲಿಂಗ್ ಪ್ರೈಜ್ ಬಂತು, ದೇಶದ ದೊಡ್ಡ ಆರ್ಕಿಟೆಕ್ಚರ್ ಪ್ರಶಸ್ತಿ, ಕೌನ್ಸಿಲ್ ಮನೆಗೆ! ಬಾಡಿಗೆದಾರರಿಗೆ ಅದನ್ನೂ ರೈಟ್ ಟು ಬೈನಲ್ಲಿ ಕೊಳ್ಳೋ ಹಕ್ಕಿತ್ತು ಅನ್ನೋದು ಬೇರೆ ಮಾತು. ಹೊಸದಾಗಿ ಕಟ್ಟಿದ್ದನ್ನ 35 ವರ್ಷ ಮಾರೋ ಹಾಗಿಲ್ಲ ಅಂತ ಮಾಡ್ತೀವಿ ಅಂತ 2025ರ ಜುಲೈಯಲ್ಲಿ ಸರ್ಕಾರ ಹೇಳಿದೆ.

ಮೈಸೂರ್_ಮಂಜ:
ಎಲ್ರಿಗೂ ಥ್ಯಾಂಕ್ಸ್. ಅಂದ್ರೆ ಒಟ್ನಲ್ಲಿ ನನ್ ಕೌನ್ಸಿಲ್ ಟ್ಯಾಕ್ಸ್‌ಗೂ ವಸತಿಗೂ ಸಂಬಂಧ ಇಲ್ಲ ಅಂತಾಯ್ತು, ನಾಳೆ ಆಫೀಸಲ್ಲಿ ಹೇಳ್ತೀನಿ.

ಲೆಕ್ಕದ_ರಂಗಣ್ಣ:
ಅಷ್ಟ್ ಬೇಗ ಹೇಳ್ಬೇಡಿ 😀 ಕಟ್ಟೋಕೆ ಸಂಬಂಧ ಇಲ್ಲ. ಕಟ್ಟದೇ ಇರೋದಕ್ಕೆ ಇದೆ. ಮನೆ ಕಳ್ಕೊಂಡ ಕುಟುಂಬ ಬಂದ್ರೆ ಕೌನ್ಸಿಲ್ ಎಲ್ಲಾದ್ರೂ ತಾತ್ಕಾಲಿಕವಾಗಿ ಇರಿಸ್ಲೇಬೇಕು, ಕಾನೂನು. ಕೌನ್ಸಿಲ್ ಮನೆ ಖಾಲಿ ಇಲ್ಲ ಅಂದ್ರೆ ಹೋಟೆಲ್ ರೂಮು, ಪ್ರೈವೇಟ್ ಓನರ್ ಹತ್ರ ರಾತ್ರಿ ಲೆಕ್ಕದಲ್ಲಿ ಬಾಡಿಗೆ. ಒಂದೇ ರೂಮಲ್ಲಿ ತಾಯಿ ಎರಡು ಮಕ್ಕಳು, ಅಡಿಗೆ ಮಾಡೋಕೆ ಜಾಗ ಇಲ್ಲ, ಮೈಕ್ರೋವೇವ್ ಮೇಲೆ ಬದುಕು. ಇಂಗ್ಲೆಂಡಲ್ಲಿ ಎಲ್ಲಾ ಬಗೆಯ ತಾತ್ಕಾಲಿಕ ವಸತಿ ಸೇರಿ 1.3 ಲಕ್ಷ ಕುಟುಂಬ ಇವೆ, 2024-25ರಲ್ಲಿ ಕೌನ್ಸಿಲ್‌ಗಳ ಖರ್ಚು 2.8 ಬಿಲಿಯನ್. ಇದಕ್ಕೆ ಸೆಂಟ್ರಲ್ ಹೌಸಿಂಗ್ ಬೆನಿಫಿಟ್ ಮೂಲಕ ವಾಪಸ್ ಕೊಡೋದು ಎಷ್ಟು ಗೊತ್ತಾ? 2011ರ ಜನವರಿಯ ಬಾಡಿಗೆ ದರದ ಲೆಕ್ಕದಲ್ಲಿ, ಅದಕ್ಕಿಂತ ಜಾಸ್ತಿ ಇಲ್ಲ. ಇವತ್ತಿಗೂ 2011! ಬಾಕಿ ವ್ಯತ್ಯಾಸ ಎಚ್‌ಆರ್‌ಎಯಿಂದ ಅಲ್ಲ, ಜನರಲ್ ಫಂಡಿಂದ, ಅಂದ್ರೆ ನಿಮ್ಮ ಕೌನ್ಸಿಲ್ ಟ್ಯಾಕ್ಸ್ ಹೋಗೋ ಖಾತೆಯಿಂದ. ಆ ಗ್ಯಾರೇಜ್ ಜಾಗದ ಫ್ಲ್ಯಾಟಿಗೆ ಹತ್ತು ಕುಟುಂಬ ಹೋದ್ರೆ ಹತ್ತು ಹೋಟೆಲ್ ಬಿಲ್ ನಿಲ್ಲುತ್ತೆ ಸಾರ್.

ನೇರನುಡಿ:
ಇದು ಮಾತ್ರ ಒಪ್ಪಿದೆ. ಹೋಟೆಲ್‌ಗೆ ಸುರಿಯೋ ಬದ್ಲು ಕಟ್ಟೋದೇ ವಾಸಿ. ಉಳಿದಿದ್ದಕ್ಕೆ ನಾನು ಇನ್ನೂ ಒಪ್ಪಿಲ್ಲ.

ಹುಬ್ಬಳ್ಳಿ_ಗಿರಿಜಾ:
ರಂಗಣ್ಣ, ಫೋನ್ ಮಾಡಿ ಕೇಳಿದ್ನಿ. "ಗ್ರಾಂಟ್ ಬಗ್ಗೆ ನಮಗ ಗೊತ್ತಿಲ್ಲ, ಬೇರೆ ಟೀಮ್ ನೋಡ್ತದ" ಅಂದ್ರು. ಬೇರೆ ಟೀಮ್‌ನವರು ಫೋನ್ ಎತ್ತವಲ್ಲರು.

ಲೆಕ್ಕದ_ರಂಗಣ್ಣ:
ಫೋನ್ ಬಿಟ್ಬಿಡಿ. ಸೆಕ್ಷನ್ 20 ನೋಟಿಸಲ್ಲಿ ಅಭಿಪ್ರಾಯ ಹೇಳೋಕೆ 30 ದಿನ ಅಂತ ಇರುತ್ತೆ, ಕೊನೇ ತಾರೀಖು ಅದರಲ್ಲೇ ಬರೆದಿರ್ತಾರೆ, ಅದರೊಳಗೆ ಇಮೇಲ್ ಹಾಕಿ. ಎರಡೇ ಪ್ರಶ್ನೆ ಕೇಳಿ: ಈ ಕೆಲಸದ ಯಾವುದಾದ್ರೂ ಭಾಗಕ್ಕೆ ಸೆಂಟ್ರಲ್ ಸರ್ಕಾರ, ಹೋಮ್ಸ್ ಇಂಗ್ಲೆಂಡ್ ಅಥವಾ ಜಿಎಲ್‌ಎ ನೆರವು ಬಂದಿದೆಯಾ, ಬಂದಿದ್ರೆ 2014ರ ನಿರ್ದೇಶನ ಅನ್ವಯಿಸಿ ಲೆಕ್ಕ ಹಾಕಿದ್ದೀರಾ ಅಂತ. ಬ್ಲಾಕ್‌ನಲ್ಲಿ ಬೇರೆ ಲೀಸ್‌ಹೋಲ್ಡರ್‌ಗಳಿದ್ರೆ ಅವರ ಸಹಿನೂ ಹಾಕಿಸಿ, ಒಬ್ಬರೇ ಬರೆಯೋದಕ್ಕಿಂತ ಬೇಗ ಉತ್ತರ ಬರುತ್ತೆ.

ಹುಬ್ಬಳ್ಳಿ_ಗಿರಿಜಾ:
ಮ್ಯಾಲಿನ ಮನಿ ಗುಜರಾತಿ ಅಂಕಲ್ ಮೊದಲಿಂದಾನೂ ಜಗಳಕ್ಕ ತಯಾರ ಅದಾರ 😀 ಇವತ್ತ ಸಂಜಿಗೆ ಹೋಗಿ ಬಾಗಲಾ ತಟ್ಟತೀನಿ.